ಎಕ್ಸ್‌ರೇಗೆ ಕಾಣದ ಮುಳ್ಳು

ನನಗೆ ಆಗ ಅರವತ್ತೆಂಟು ವರ್ಷ. ಇದು ನಡೆದು ಮೂರು ವರ್ಷವಾಯಿತು. ಯಾವ ಕೈ ಹೋಗುತ್ತದೆ ಎಂದಿದ್ದರೋ ಅದೇ ಕೈಯಿಂದ ಈಗ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಬೀಳುತ್ತದೆ. ಅದಕ್ಕೆ ಕಾಯಿಲೆ ಕಾರಣ ಅಲ್ಲ, ನಾನು ಶಾಲೆಗೆ ಹೋದದ್ದೇ ಎರಡನೇ ಕ್ಲಾಸಿನ ತನಕ.

ಕೈಗೋ ಕಾಲಿಗೋ ಹುಣ್ಣಾಗಿ, ಅದು ಮಾಯದೆ, ಆಸ್ಪತ್ರೆಯ ಬೆಂಚಿನ ಮೇಲೆ ಹೆದರಿ ಕೂತವರು ಇದ್ದರೆ ಇದು ಅವರಿಗೆ. ಧೈರ್ಯ ಹೇಳುವುದಕ್ಕಲ್ಲ. ಧೈರ್ಯ ಹೇಳುವವರು ಊರು ತುಂಬ ಇದ್ದಾರೆ. ನನಗೆ ಹೇಳಿದವರಲ್ಲಿ ಒಬ್ಬರೂ ನನ್ನ ಬದಲಿಗೆ ಸೂಜಿ ಚುಚ್ಚಿಸಿಕೊಳ್ಳಲಿಲ್ಲ. ನಡೆದದ್ದನ್ನು ಹೇಳುತ್ತೇನೆ. ಜೊತೆಗೆ ಇನ್ನೊಂದು ಸಂಗತಿ ಉಂಟು, ಅದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಈಗಲೂ ಹೊಟ್ಟೆ ಉಬ್ಬರಿಸಿದ ಹಾಗೆ ಆಗುತ್ತದೆ. ಯುದ್ಧಕ್ಕೂ ಕಾನೂನು ಇದೆ! ಆ ಕಾನೂನಿನಲ್ಲಿ ನನ್ನ ಹೆಬ್ಬೆರಳಿನ ಸಂಗತಿಯೂ ಇದೆ!

ನನ್ನ ಹೆಸರು ಮುಕಾಂಬು. ಮನೆ ಬೀಜಾಡಿ. ಕೆಲಸ ಕೋಟೇಶ್ವರದ ಮೀನು ಮಾರ್ಕೆಟ್ಟಿನಲ್ಲಿ. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆ ತಿರುಗಿ ಮಾರುತ್ತಿದ್ದೆ. ಮಂಡಿ ಹಿಡಿದ ಮೇಲೆ ಒಂದೇ ಕಡೆ ಕೂತು ಮೀನು ಕೊಯ್ದು ಕೊಡುತ್ತೇನೆ. ಮೆಟ್ಟುಕತ್ತಿಯ ಹಲಗೆಯನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಎದ್ದು ನಿಂತ ಅಲಗಿಗೆ ಮೀನನ್ನು ಒಡ್ಡಿ ಎರಡು ಕೈಯಲ್ಲಿ ಕೊಯ್ಯುವುದು. ಎಡಗೈ ಬರೀ ಹಿಡಿಯುತ್ತದೆ. ದೂಡುವುದು ಬಲಗೈಯ ಹೆಬ್ಬೆರಳು. ಆ ಬೆರಳಿಲ್ಲದಿದ್ದರೆ ನಾನು ಮಾರ್ಕೆಟ್ಟಿಗೆ ಹೋಗಿ ನೊಣ ಓಡಿಸಬೇಕು, ಅಷ್ಟೆ.

ಆ ಬೆರಳಿನ ಬುಡಕ್ಕೇ ಚುಚ್ಚಿತು. ಮಂಜುಗಡ್ಡೆ ತುಂಬಿದ ಬಂಗುಡೆ ಮೀನಿನ ಬಾಕ್ಸನ್ನು ಹತ್ತಿರ ಎಳೆಯುತ್ತಿದ್ದೆ. ಬಂಗುಡೆಯ ನಡುವೆ ಎಲ್ಲಿಂದಲೋ ಒಂದು ಶಾಡೆ ಸೇರಿಕೊಂಡಿತ್ತು. ಶಾಡೆ ಎಂದರೆ ಮೀಸೆ ಇರುವ ಮೀನು, ಬೆನ್ನಿನ ಮೇಲೆ ಗರಗಸದ ಹಾಗಿನ ಮುಳ್ಳು. ಚುರ್ ಎಂದಿತು, ರಕ್ತ ಬಂತು. ನಾನು ಶಾಡೆಗೆ ಅದರ ಅಪ್ಪ ಅಜ್ಜನ ತನಕ ಬೈದು, ಬೆರಳನ್ನು ಬಾಯಿಯಲ್ಲಿ ಚೀಪಿ ಉಗಿದು, ಮತ್ತೆ ಕತ್ತಿಯ ಮೇಲೆ ಕೂತೆ. ಪಕ್ಕದಲ್ಲಿ ಮಾರಲು ಕೂರುವ ಬಚ್ಚಿ ನೋಡಿ ನಕ್ಕಳು. ನಾವಿಬ್ಬರೂ ಮದುವೆಯಾಗಿ ಬಂದ ವರ್ಷದಿಂದ ಜೊತೆ, ಜಗಳವೂ ಅಷ್ಟೇ ವರ್ಷದ್ದು.

"ಶಾಡಿಗೂ ನಿನ್ನ್ ಕಂಡ್ರೆ ಆತಿಲ್ಲೆ ಕಾಣ್," ಅಂದಳು.

ಕೈ ಊದಿತು. ಊದಿದ್ದು ಒಡೆಯಿತು, ಕೀವು ಹೋಯಿತು, ಮಾಯಿತು. ಮಾಯಿತು ಎಂದು ಸಮಾಧಾನ ಮಾಡಿಕೊಳ್ಳುವುದರೊಳಗೆ ಪುನಃ ಊದಿತು. ಮಳೆಗಾಲ ಶುರುವಾಗುವ ಮೊದಲು ಹಿಡಿದದ್ದು ನವರಾತ್ರಿ ಬಂದರೂ ಬಿಡಲಿಲ್ಲ. ಮುಳ್ಳು ಹೊಕ್ಕರೆ ನಮ್ಮಲ್ಲಿ ಮಾಡುವುದು ಒಂದೇ ಮದ್ದು, ಚಿಪ್ಪಿಯ ಸುಣ್ಣ ಮತ್ತು ಬೆಲ್ಲ ಕಲಸಿ ಹಚ್ಚುವುದು. ಅದು ಮುಳ್ಳನ್ನು ಎಳೆದು ಹೊರಗೆ ಹಾಕುತ್ತದೆ. ನನ್ನ ಅತ್ತೆ ಹಾಗೇ ಮಾಡುತ್ತಿದ್ದಳು, ಅವಳ ಅತ್ತೆಯೂ. ನಾನು ದಿನಾ ಹಚ್ಚಿದೆ. ಹುಣ್ಣಿಗೆ ಬಾಯಿ ಬಂದ ಮೇಲೆ ಕಡ್ಡಿಯಿಂದ ಒಳಗೂ ತುಂಬಿದೆ. ಊರಲ್ಲಿ ಎಲ್ಲರೂ "ಶುಗರ್, ಶುಗರ್" ಎಂದರು. ರಕ್ತ ಪರೀಕ್ಷೆ ಮಾಡಿದರೆ ಶುಗರ್ ಇಲ್ಲ. ಇಲ್ಲ ಎಂದು ಗೊತ್ತಾದಾಗ ಕೆಲವರಿಗೆ ಬೇಜಾರೇ ಆಯಿತು.

ಮಗ ಬೋಟಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ನಾನು, ಸೊಸೆ ಸುಮತಿ, ಅವಳ ಮಗಳು. ಸುಮತಿ ಕಡಿಮೆ ಮಾತಿನವಳು. ಒಂದು ದಿನ ಗಂಜಿ ಉಣ್ಣುವಾಗ ನನ್ನ ಕೈಯಿಂದ ತುತ್ತು ಜಾರಿತು. ಅವಳು ತನ್ನ ತಟ್ಟೆ ದೂಡಿ ಎದ್ದಳು.

"ಅತ್ತಿ, ನಾಳೆ ಆಸ್ಪತ್ರಿಗೆ ಹೋಪ."

"ನಾಳೆ ಬ್ಯಾಡ. ನಾಳೆ ಮೀನ್ ಬತ್ತ್."

"ಮೀನ್ ಬರ್ಲಿ. ನಾವ್ ಹೋಪುದೇ."

ಹೋದೆವು. ಊರಿನಿಂದ ದೂರದ ದೊಡ್ಡ ಆಸ್ಪತ್ರೆ, ಹೆಸರು ಬೇಡ. ಅವರದ್ದು ತಪ್ಪೇನೂ ಇಲ್ಲ. ಟೋಕನ್ ಕೊಟ್ಟರು, ಬೆಂಚಿನ ಮೇಲೆ ಕೂರಿಸಿದರು. ಬೆಂಚಿನ ಎದುರು ಗೋಡೆಯಲ್ಲಿ ಟಿವಿ. ಯಾವುದೋ ದೇಶದಲ್ಲಿ ಯುದ್ಧ, ಮನೆಗಳು ಧೂಳಾಗಿ ಬೀಳುತ್ತಿದ್ದವು. ಅದನ್ನು ನೋಡುತ್ತ ಜನ ಚಿಪ್ಸ್ ತಿನ್ನುತ್ತಿದ್ದರು. ನಾನೂ ನೋಡಿದೆ, ನನಗೂ ಏನೂ ಅನಿಸಲಿಲ್ಲ. ನನ್ನ ಕೈ ಡವಡವ ಎನ್ನುತ್ತಿತ್ತು. ಅವರವರ ನೋವು ಅವರವರಿಗೆ ದೊಡ್ಡದು.

ಎಕ್ಸ್‌ರೇ ತೆಗೆದರು. ಡಾಕ್ಟರು ಚಿಕ್ಕ ಪ್ರಾಯದವರು, ಕನ್ನಡ ಬರುತ್ತಿತ್ತು, ನಮ್ಮ ಕನ್ನಡ ಬರುತ್ತಿರಲಿಲ್ಲ. ಪಟ ತೋರಿಸಿದರು. ನನ್ನ ಕೈಯ ಎಲುಬು ಬೂದಿ ಬಣ್ಣ, ಹೆಬ್ಬೆರಳಿನ ಬುಡದಲ್ಲಿ ಬಿಳಿ ಬಿಳಿ ಚುಕ್ಕೆ, ಅಕ್ಕಿ ಹಿಟ್ಟು ಉದುರಿಸಿದ ಹಾಗೆ.

"ಏನಾದರೂ ಔಷಧಿ ಹಚ್ಚಿದ್ದೀರಾ ಅಮ್ಮ?" ಎಂದು ಕೇಳಿದರು.

"ಇಲ್ಲೆ," ಎಂದೆ.

ಸುಳ್ಳಲ್ಲ. ಸುಣ್ಣ ಔಷಧಿಯೇ? ಅದು ವೀಳ್ಯದೆಲೆಗೆ ಹಚ್ಚುವುದು.

ಎಲುಬು ಕೊಳೆತು ಚೂರು ಚೂರಾಗುತ್ತಿರಬಹುದು, ಅಥವಾ ಬೇರೆ ಏನೋ ಕೆಟ್ಟದ್ದು ಬೆಳೆಯುತ್ತಿರಬಹುದು ಎಂದರು. ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಕೊನೆಗೆ ಹೆಬ್ಬೆರಳನ್ನೇ ತೆಗೆಯಬೇಕಾಗಿ ಬರಬಹುದು, ತಡ ಮಾಡಿದರೆ ಕೈಗೆ ಏರಬಹುದು. "ಬಹುದು, ಬಹುದು" ಎಂದೇ ಹೇಳಿದರು. ನನಗೆ ಕೇಳಿದ್ದು ಮಾತ್ರ "ತೆಗೆಯಬೇಕು" ಎಂದು. ಸುಮತಿ ಕುರ್ಚಿಯ ಹಿಂದೆ ನಿಂತಿದ್ದಳು, ನನ್ನ ಭುಜದ ಮೇಲೆ ಅವಳ ಕೈ ಬಿತ್ತು. ಮದುವೆಯಾಗಿ ಬಂದು ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಕಾಲಿಗೆ ಬೀಳುವಾಗ ಮಾತ್ರ.

ಬಸ್ಸಿನಲ್ಲಿ ಬರುವಾಗ ನಾನು ಎಡಗೈಯಲ್ಲಿ ಚೀಲ ಹಿಡಿದು ನೋಡಿದೆ. ಎಡಗೈಯಲ್ಲಿ ಕಿಟಕಿ ಎಳೆದು ನೋಡಿದೆ. ಎಡಗೈ ನನ್ನ ಮಾತು ಕೇಳುವುದಿಲ್ಲ ಎಂದು ಅವತ್ತು ಗೊತ್ತಾಯಿತು. ಹೆದರಿಕೆ ಆಯಿತೇ ಎಂದರೆ, ಆಯಿತು. ಸಾಯುವ ಹೆದರಿಕೆ ಅಲ್ಲ. ಬದುಕಿದ್ದು ಇನ್ನೊಬ್ಬರ ಕೈಯಿಂದ ಉಣ್ಣುವ ಹೆದರಿಕೆ.

ಮಾರ್ಕೆಟ್ಟಿನಲ್ಲಿ ಸುದ್ದಿ ಕೇಳಿದ ಬಚ್ಚಿ ಮೊದಲ ಸಲ ತಮಾಷೆ ಮಾಡಲಿಲ್ಲ. ತಕ್ಕಡಿ ಬದಿಗಿಟ್ಟು ಹೇಳಿದಳು:

"ಕುಂದಾಪ್ರದಾಗೆ ಮಿಲಿಟ್ರಿ ಡಾಕ್ಟ್ರ್ ಇದ್ರಲೇ, ಅವ್ರಿಗ್ ಒಂದ್ಸಲ ತೋರ್ಸ್. ಹಟ್ಟಿಯಂಗಡಿಯವ್ರೇ. ಪೆನ್ಶನ್ ಆಯಿ ಬಂದ್ ಕೂಕಂಡಿದ್ರ್."

"ಮಿಲಿಟ್ರಿಯವ್ರಿಗ್ ಕೈ ಕಾಲ್ ಕಡುದೇ ಕೆಲ್ಸ ಅಲ್ದನೇ?"

"ಕಡುದ್ ಗೊತ್ತಿದ್ದವ್ರಿಗ್ ಯಾವ್ದ್ ಕಡುಕಾಗ ಅಂಬುದೂ ಗೊತ್ತಿರತ್ತ್. ಹೋಗ್."

ಈ ಮಾತಿಗಾಗಿ ಬಚ್ಚಿಗೆ ಹಿಂದಿನ ಮುಂದಿನ ಎಲ್ಲ ಜಗಳವನ್ನೂ ಮನ್ನಾ ಮಾಡಿದ್ದೇನೆ. ಅವಳಿಗೆ ಹೇಳಿಲ್ಲ.

ಮಿಲಿಟರಿ ಡಾಕ್ಟರು ಎಂದರೆ ಮೀಸೆ ತಿರುವಿದ ಆಳು ಇರಬಹುದು ಎಂದುಕೊಂಡಿದ್ದೆ. ಬೋಳು ತಲೆಯ, ತೆಳ್ಳಗಿನ ಮನುಷ್ಯ. ಕಾಲಿಗೆ ಹವಾಯಿ ಚಪ್ಪಲಿ. ಸಣ್ಣ ಆಸ್ಪತ್ರೆ, ಒಂದೇ ಬೆಂಚು. ನನ್ನ ಕೈ ಹಿಡಿದು ಮೂಸಿದರು. ಮೂಸುವ ಡಾಕ್ಟರನ್ನು ನಾನು ನೋಡಿದ್ದು ಅದೇ ಮೊದಲು. ಮೀನು ಕೊಳ್ಳುವವರು ಕಿವಿರು ಎತ್ತಿ ಮೂಸುತ್ತಾರಲ್ಲ, ಹಾಗೆ. ನನಗೆ ಅವರ ಮೇಲೆ ನಂಬಿಕೆ ಬಂತು.

"ಎಂತ ಹಚ್ಚಿದ್ರಿ ಇದ್ಕೆ?"

"ಔಷಧಿ ಎಂತದೂ ಹಚ್ಲಿಲ್ಲೆ."

"ಔಷಧಿ ಕೇಂಡದ್ದಲ್ಲ ನಾನು. ಎಂತ ಹಚ್ಚಿದ್ರಿ?"

"ಸುಣ್ಣ ಬೆಲ್ಲ," ಎಂದಳು ಸುಮತಿ ಹಿಂದಿನಿಂದ. "ದಿನಾ ಹಚ್ತ್ರ್. ಕಡ್ಡಿ ಹಾಕಿ ಒಳ್ಗೂ ತುಂಬ್ತ್ರ್."

ಡಾಕ್ಟರು ಹಳೆಯ ಪಟವನ್ನು ಬೆಳಕಿಗೆ ಹಿಡಿದರು. ನೋಡಿದರು, ನನ್ನ ಮುಖ ನೋಡಿದರು, ಪುನಃ ಪಟ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನನಗೆ ಸಿಟ್ಟು ಬಂತು. ಬೆರಳು ಹೋಗುವವಳ ಎದುರು ನಗುತ್ತಾನಲ್ಲ ಇವನು!

"ಮುಕಾಂಬಕ್ಕ, ಈ ಬಿಳಿ ಚುಕ್ಕಿ ನಿಮ್ಮ್ ಎಲುಬಲ್ಲ. ನಿಮ್ಮ್ ಸುಣ್ಣ! ಸುಣ್ಣವೂ ಎಲುಬಿನ ಹಾಂಗೆ ಬೆಳ್ಳಗೆ ಕಾಂತ್. ಪಾಪ, ಅವ್ರಿಗ್ ಎಂತ ಗೊತ್ತ್?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಹಾಂಗಾರೆ ಬೆರಳ್ ಹೋತಿಲ್ಯಾ?"

"ಕೂಕಣಿ, ಕೂಕಣಿ. ಮೊದ್ಲ್ ತೊಳುವ."

ತೊಳೆದರು. ಆ ತೊಳೆಯುವುದನ್ನು ವರ್ಣಿಸುವುದಿಲ್ಲ, ಓದುವವರು ಊಟ ಮಾಡಬೇಕಲ್ಲ. ಸುಣ್ಣ ಪೂರ್ತಿ ಹೋಗುವ ತನಕ ಮತ್ತೆ ಮತ್ತೆ ಕರೆಸಿ ತೊಳೆದು, ಪುನಃ ಎಕ್ಸ್‌ರೇ ತೆಗೆಸಿದರು. ಬಿಳಿ ಚುಕ್ಕೆ ಒಂದೂ ಇಲ್ಲ. ಎಲುಬು ಗಟ್ಟಿ. ಆದರೆ ಮುಳ್ಳೂ ಇಲ್ಲ. ಏನೂ ಇಲ್ಲ! ಪಟದಲ್ಲಿ ಒಳ್ಳೆಯ ಕೈ, ಮೇಜಿನ ಮೇಲೆ ಕೀವು ಸುರಿಯುವ ಕೈ.

"ಶಾಡಿ ಮುಳ್ಳಾರೆ ಕಾಣ್ಕಿತ್ತ್," ಎಂದರು ಡಾಕ್ಟರು. "ಅದೂ ಎಲುಬೇ. ಒಳ್ಗೆ ಇಪ್ಪುದ್ ಎಂತದೋ ಎಕ್ಸ್‌ರೇಗೆ ಕಾಣದ್ದ್." ಅವರ ಮುಖದಲ್ಲಿ ಗಾಳಕ್ಕೆ ಮೀನು ಸಿಕ್ಕವನ ಕಳೆ ಬಂತು. "ಎಕ್ಸ್‌ರೇಗೆ ಕಾಣದ್ದ್! ಮುಕಾಂಬಕ್ಕ, ಇದ್ ಯುದ್ಧದಾಗೂ ಮಾಡುಕಿಲ್ಲೆ, ಗೊತ್ತಿತ್ತಾ?"

"ಎಂತ ಮಾಡುಕಿಲ್ಲೆ?"

ಆಗ ಅವರು ಹೇಳಿದ್ದು ಇದು. ದೇಶ ದೇಶದವರು ಕೂತು ಮಾತಾಡಿ ಸಹಿ ಹಾಕಿದ್ದಾರೆ, ನಮ್ಮ ದೇಶವೂ ಹಾಕಿದೆ. ಮನುಷ್ಯನ ಮೈಯೊಳಗೆ ಎಕ್ಸ್‌ರೇಗೆ ಕಾಣದ ಚೂರು ಹೊಗಿಸುವುದೇ ಕೆಲಸವಾದ ಆಯುಧವನ್ನು ಯಾರೂ ಯಾರ ಮೇಲೂ ಹಾಕಬಾರದು. ಶತ್ರುವಿನ ಮೇಲೂ!

ನಾನು ಕುರ್ಚಿ ಮುಂದಕ್ಕೆ ಎಳೆದು ಕೂತೆ.

"ಕೊಲ್ಲುಕೆ ಅಡ್ಡಿಲ್ಯಾ?"

"ಯುದ್ಧದಾಗೆ ಕೊಲ್ತ್ರ್."

"ಕೊಂದ್ರೆ ಅಡ್ಡಿಲ್ಲೆ, ಕಾಣದ ಚೂರ್ ಹಾಕುಕಾಗ! ಇದೆಂತ ನ್ಯಾಯ ಡಾಕ್ಟ್ರೇ?"

ಅವರು ಕನ್ನಡಕ ತೆಗೆದು ಒರೆಸಿದರು. ನಗು ಹೋಗಿತ್ತು. "ಗಾಯ ಆದವ ಸೈನಿಕ ಅಲ್ಲ ಮುಕಾಂಬಕ್ಕ, ರೋಗಿ. ಅವ್ನನ್ನ ನನ್ನ್ ಮೇಜಿನ್ ಮೇಲೆ ತಂದ್ ಮಲಗ್ಸ್ತ್ರ್. ನಾನ್ ಹುಡ್ಕ್ ಬೇಕ್. ಕಬ್ಬಿಣ ಆರೆ ಪಟದಾಗೆ ಕಾಂತ್, ತೆಗಿತೆ. ಪ್ಲಾಸ್ಟಿಕ್ಕೋ ಮರವೋ ಆರೆ? ಬೆರಳ್ ಹಾಕಿ ಹುಡ್ಕ್ದವ ನಾನು. ಅವ ಕೂಗುದೂ ಕೇಂತಾ ಇರತ್ತ್." ಕನ್ನಡಕ ಪುನಃ ಹಾಕಿಕೊಂಡು, "ಆ ಕೂಗಿಂದ ಯಾರೂ ಗೆಲ್ಲುದಿಲ್ಲೆ. ಸುಮ್ನೆ ನೋವು. ಅದ್ಕೇ ಬ್ಯಾಡ ಅಂದದ್ದ್."

ಎಲ್ಲೋ ದೊಡ್ಡ ದೊಡ್ಡವರು ಸೂಟು ಹಾಕಿಕೊಂಡು ಕೂತು, ಗುಂಡು ಬಾಂಬು ಎಲ್ಲ ಮಾತಾಡುವ ನಡುವೆ, ಯಾರೋ ಒಬ್ಬ ಈ ಮೇಜನ್ನು ನೆನೆದಿದ್ದಾನೆ. ಗಾಯವನ್ನು ಕೆದಕಿ ಹುಡುಕುವ ಕೈಯನ್ನು, ಕೂಗುವ ಬಾಯಿಯನ್ನು ನೆನೆದಿದ್ದಾನೆ. ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ.

"ಹಾಂಗಾರೆ ನಂದನ್ನ ಹ್ಯಾಂಗ್ ಹುಡ್ಕುದ್?"

"ಅದ್ಕ್ ಬೇರೆ ಮಿಷನ್ ಇತ್ತ್. ಬಸ್ರಿಯರಿಗೆ ಮಾಡುದಲ್ದಾ, ಆ ಸ್ಕ್ಯಾನು."

ಆ ಸ್ಕ್ಯಾನಿನ ಬೆಂಚು! ಕುಂದಾಪುರದ ಪೇಟೆಯಲ್ಲಿ ಮೆಟ್ಟಿಲು ಹತ್ತಿ ಹೋದರೆ ಬೆಂಚಿನ ತುಂಬ ಹೊಟ್ಟೆ ಹೊತ್ತ ಹೆಣ್ಣುಮಕ್ಕಳು. ಎಲ್ಲರಿಗೂ ನೀರು ಕುಡಿಯಿರಿ, ನೀರು ಕುಡಿಯಿರಿ ಎಂದು ಹೇಳಿ ಕೂರಿಸಿದ್ದರು. ನಾನು ಮಧ್ಯದಲ್ಲಿ, ಬಿಳಿ ತಲೆ, ಕೈಗೆ ಬ್ಯಾಂಡೇಜು. ಸಿದ್ದಾಪುರದ ಕಡೆಯಿಂದ ಬಂದ ಒಬ್ಬಳು, ಒಳ್ಳೆ ನಗೆಯ ಹುಡುಗಿ, ನನ್ನತ್ತ ವಾಲಿ ಕೇಳಿದಳು:

"ಎಷ್ಟ್ ತಿಂಗ್ಳಾಯ್ತ್ ಅಮ್ಮಮ್ಮ?"

"ದಿನ ತುಂಬಿತ್ ಮಗಾ," ಎಂದೆ. "ಹೆಬ್ಬೆರಳಾಗ್ ನಿಂತಿತ್. ಗಂಡೋ ಹೆಣ್ಣೋ ಹೇಳುಕಾಗ ಅಂಬ್ರಲೇ, ಮುಳ್ಳೋ ಕಡ್ಡಿಯೋ ಅದಾರೂ ಹೇಳ್ತ್ರಾ ಕಾಂಬ."

ಇಡೀ ಬೆಂಚು ನಕ್ಕಿತು. ನೀರು ಕುಡಿದು ಕೂತವರನ್ನು ನಗಿಸಬಾರದು, ಇಬ್ಬರು ಎದ್ದು ಓಡಿದರು. ಸುಮತಿ ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಅವಳಿಗೆ ಹಲ್ಲು ಇಷ್ಟು ಚಂದ ಇದೆ ಎಂದು ನಾನು ಅಲ್ಲಿಯ ತನಕ ಗಮನಿಸಿರಲಿಲ್ಲ.

ಒಳಗೆ ಕೈಗೆ ತಣ್ಣಗಿನ ಅಂಟು ಬಳಿದು, ಅದರ ಮೇಲೆ ಸಾಬೂನಿನಂಥದ್ದನ್ನು ಉಜ್ಜಿದರು. ಪರದೆಯಲ್ಲಿ ಮೋಡ, ಮೋಡ, ಮೋಡ. ಆಮೇಲೆ ಒಂದು ಗೆರೆ! ಉಗುರು ಕತ್ತರಿಸಿ ಬಿಸಾಡಿದ ಹಾಗಿನ ಗೆರೆ, ಎಲುಬಿಗೆ ತಾಗಿ ಮಲಗಿತ್ತು. ಸ್ಕ್ಯಾನ್ ಮಾಡುವ ಹೆಂಗಸು "ಸಿಕ್ಕಿತು" ಎಂದಳು. ನಾನು "ಎಲ್ಲಿ, ಎಲ್ಲಿ?" ಎಂದು ಎದ್ದು ಕೂತೆ. ಮಲಗಿ ಎಂದು ಬೈದಳು. ಬೈದರೆ ಬೈಯಲಿ! ಮೊಮ್ಮಗಳು ಹೊಟ್ಟೆಯಲ್ಲಿದ್ದಾಗ ಸುಮತಿಯನ್ನು ಸ್ಕ್ಯಾನಿಗೆ ಕರೆದುಕೊಂಡು ಬಂದಾಗಲೂ ನನಗೆ ಇಷ್ಟು ಸಂತೋಷ ಆಗಿರಲಿಲ್ಲ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ಡಾಕ್ಟರು ಕೈಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು ಕೊಯ್ದರು. ಮುಖ ಆಚೆ ಮಾಡಿ ಎಂದರು. ಜೀವಮಾನವಿಡೀ ಕೊಯ್ದವಳು ನಾನು, ಕೊಯ್ಯಿಸಿಕೊಳ್ಳುವಾಗ ಮುಖ ಆಚೆ ಮಾಡುತ್ತೇನೆಯೇ? ನೋಡಿದೆ. ಕೊಯ್ದ ಗೆರೆ ಸಪೂರ, ನೇರ. ಅಡ್ಡಿಲ್ಲ, ಕೈ ಪಳಗಿದೆ ಎಂದುಕೊಂಡೆ. ಚಿಮುಟದಲ್ಲಿ ಹಿಡಿದು ಎಳೆದರು. ಮೊದಲ ಸಲ ಜಾರಿತು. ನರದ ಪಕ್ಕದಲ್ಲೇ ಇದೆ, ಅಲ್ಲಾಡಬೇಡಿ ಎಂದರು. ನಾನು ಉಸಿರನ್ನೂ ಬಿಡಲಿಲ್ಲ. ಎರಡನೇ ಸಲ ಬಂತು.

ಹತ್ತಿಯ ಮೇಲೆ ಇಟ್ಟು ನೀರು ಬಿಟ್ಟರು. ರಕ್ತ ಹೋಯಿತು, ಬಣ್ಣ ಕಂಡಿತು. ನೀಲಿ!

ಮೀನಿಗೆ ನೀಲಿ ಮುಳ್ಳು ಎಲ್ಲಿಂದ ಬರಬೇಕು? ಅದು ಬಾಕ್ಸಿನ ಚೂರು. ನಮ್ಮ ಮೀನು ತುಂಬುವ ನೀಲಿ ಪ್ಲಾಸ್ಟಿಕ್ ಬಾಕ್ಸು ಬಿಸಿಲಿಗೆ ಬೆಂದು, ಮಂಜುಗಡ್ಡೆಗೆ ಕೊರೆದು, ಎಸೆದು ಎಸೆದು ಬಿರುಕು ಬಿಡುತ್ತದೆ. ಅಂಚು ಸೀಳಿ ಸೂಜಿಯ ಹಾಗೆ ಏಳುತ್ತದೆ. ಅವತ್ತು ನಾನು ಎಳೆದದ್ದು ಅಂಥದ್ದನ್ನೇ. ಪಕ್ಕದಲ್ಲಿ ಶಾಡೆ ಇತ್ತಲ್ಲ, ಮೀನಿನವರಿಗೆ ಚುಚ್ಚಿದರೆ ಮೀನೇ ಚುಚ್ಚಬೇಕು. ಬೇರೆ ಯೋಚನೆಯೇ ಬರುವುದಿಲ್ಲ.

"ಆ ಶಾಡಿಗೆ ಸುಮ್ನೆ ಬೈದೆ," ಎಂದೆ.

"ಬೈದದ್ ಅದ್ಕ್ ಕೇಂಡಿರ್ಲಿಕ್ಕಿಲ್ಲೆ," ಎಂದರು ಡಾಕ್ಟರು, ಹೊಲಿಯದೆ ಗಾಯಕ್ಕೆ ಬಟ್ಟೆ ತುಂಬುತ್ತ.

ಹೊಲಿಯಲಿಲ್ಲ, ಏಕೆಂದರೆ ಒಳಗಿನ ಕೀವು ಪೂರ್ತಿ ಹೋಗಬೇಕು. ಗಾಯ ಒಳಗಿನಿಂದ ತುಂಬಿ ಬರಬೇಕು. ಬೆರಳು ಉಳಿದದ್ದು ಹೌದು, ಮಡಚುತ್ತದೋ ಇಲ್ಲವೋ ಗಾಯ ಮಾಗಿದ ಮೇಲೆಯೇ ಹೇಳಲಿಕ್ಕಾಗುವುದು ಎಂದರು. ಮರದ ಗೂಟದಂಥ ಹೆಬ್ಬೆರಳು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ಹೆದರಿಕೆ ಹೋಗಲಿಲ್ಲ, ಜಾಗ ಬದಲಾಯಿಸಿತು.

ಬಟ್ಟೆ ತೆಗೆದು ಬಟ್ಟೆ ತುಂಬುವುದು ಎಂಥ ನೋವು ಎಂದು ಅನುಭವಿಸಿದವರಿಗೆ ಗೊತ್ತು. ಮೊದಲ ಸಲ ನಾನು ಕೂಗಿದ್ದಕ್ಕೆ ಹೊರಗೆ ಕೂತವರೊಬ್ಬರು ಎದ್ದು ಮನೆಗೆ ಹೋದರಂತೆ. ಎರಡನೇ ಸಲ ನಾನೇ ಒಂದು ಕರಾರು ಹಾಕಿದೆ.

"ಡಾಕ್ಟ್ರೇ, ನಾನ್ ಕೂಗುದಿಲ್ಲೆ. ನೀವ್ ಯುದ್ಧದಾಗ್ ಎಂತೆಂತ ಮಾಡುಕಾಗ ಅಂದ್ಹೇಳಿ ಒಂದೊಂದೇ ಹೇಳಿ. ಒಂದ್ಸಲ ಬಟ್ಟಿ ಹಾಕುಕೆ ಒಂದ್."

ಅವರು ಒಪ್ಪಿದರು. ಅವರಿಗೂ ಹೇಳಲು ಯಾರೂ ಇರಲಿಲ್ಲ ಎಂದು ಕಾಣುತ್ತದೆ, ಮನೆಯವರಿಗೆ ಕೇಳಿ ಕೇಳಿ ಸಾಕಾಗಿರಬೇಕು.

ಕಣ್ಣು ಪೂರ್ತಿ ಹೋಗುವ ಹಾಗೆ ಮಾಡಲೆಂದೇ ಮಾಡಿದ ಲೇಸರ್ ಹಾಕಬಾರದು. ಇದನ್ನು ಮಾರ್ಕೆಟ್ಟಿನಲ್ಲಿ ಹೇಳಿದಾಗ ಬಚ್ಚಿ ಎದೆ ಮುಟ್ಟಿಕೊಂಡಳು: "ಅಯ್ಯಬ್ಬ, ನನ್ನ್ ಕಣ್ಣಿಗೂ ಲೇಸರ್ ಹೊಡ್ದಿದ್ರಲೇ!" ನಿನ್ನದು ಕಾಣಿಸಲು ಹೊಡೆದದ್ದು ಮಾರಾಯ್ತಿ, ಎಂದೆ. ಮೈಯೊಳಗೆ ಹೊಕ್ಕ ಮೇಲೆ ಹೂವಿನ ಹಾಗೆ ಅರಳುವ ಗುಂಡು ಹಾಕಬಾರದು. ವಿಷ ಹಾಕಬಾರದು, ಉಸಿರು ಕಟ್ಟಿಸುವ ಹೊಗೆ ಬಿಡಬಾರದು. ಇದಕ್ಕೆ ಹೆಂಗಸರೆಲ್ಲ ತಲೆಯಾಡಿಸಿದರು. ಹೊಳೆಯ ಗುಂಡಿಗೆ ವಿಷದ ಕಾಯಿ ಅರೆದು ಹಾಕಿ ಮೀನು ಹಿಡಿಯುವವರನ್ನು ನಾವೂ ಹತ್ತಿರ ಸೇರಿಸುವುದಿಲ್ಲ. ಬಲೆ ಬೀಸು, ಗಾಳ ಹಾಕು, ವಿಷ ಮಾತ್ರ ಬೇಡ.

ಮಕ್ಕಳ ಆಟದ ಸಾಮಾನಿನೊಳಗೆ ಸಿಡಿಯುವುದನ್ನು ಅಡಗಿಸಿ ಇಡಬಾರದು. ಇದನ್ನು ಹೇಳಿದ ದಿನ ಮಾರ್ಕೆಟ್ಟಿನ ಹೆಂಗಸರು ತಮ್ಮ ತಮ್ಮ ಮೀನಿಗೆ ನೀರು ಚಿಮುಕಿಸಲು ತಿರುಗಿದರು. ಮಾಡಬಾರದು ಎಂದು ಬರೆಯಬೇಕಾದರೆ ಯಾರೋ ಮಾಡಿರಬೇಕಲ್ಲ.

ಮನೆಯಲ್ಲಿ ಸುಮತಿ ಉಣಿಸುತ್ತಿದ್ದಳು. ಚಮಚ ಕೊಟ್ಟಿದ್ದಳು, ಎಡಗೈಯಲ್ಲಿ ಚಮಚ ಹಿಡಿದು ತಿನ್ನುವುದಕ್ಕಿಂತ ಉಪವಾಸ ಒಳ್ಳೆಯದು ಎಂದು ನಾನು ಬಿಸಾಡಿದ್ದೆ. ಅವಳು ಅನ್ನ ಮೀನುಸಾರು ಕಲಸಿ, ಮುಳ್ಳು ಬಿಡಿಸಿ, ಉಂಡೆ ಮಾಡಿ ನನ್ನ ಬಾಯಿಗೆ ಇಟ್ಟಳು. ನಾನು ಯುದ್ಧದ ಕಾನೂನು ಹೇಳುತ್ತಿದ್ದೆ, ಅವಳು ತುತ್ತು ಇಡುತ್ತಿದ್ದಳು. ಒಂದು ದಿನ ಕೇಳಿದಳು:

"ಅತ್ತಿ, ಇದೆಲ್ಲ ಅವ್ರ್ ಕೇಂತ್ರಾ?"

ಒಳ್ಳೆಯ ಪ್ರಶ್ನೆ. ಮುಂದಿನ ಸಲ ಡಾಕ್ಟರಿಗೆ ಅದನ್ನೇ ಕೇಳಿದೆ.

"ಕೆಲವ್ರ್ ಕೇಂತ್ರ್. ಕೆಲವ್ರ್ ಸಯ್ಯೇ ಹಾಕುದಿಲ್ಲೆ. ಕೆಲವ್ರ್ ಸಯ್ ಹಾಕಿಯೂ ಮಾಡ್ತ್ರ್."

"ಹಾಂಗಾರೆ ಕಾನೂನ್ ಇದ್ದ್ ಎಂತ ಸುಖ?"

ಅವರು ಬಟ್ಟೆ ಎಳೆದರು, ನಾನು ಹಲ್ಲು ಕಚ್ಚಿದೆ. ಅವರ ಉತ್ತರ ಬರುವ ಮೊದಲೇ ನನಗೇ ಉತ್ತರ ಹೊಳೆಯಿತು. ನಮ್ಮ ಮಾರ್ಕೆಟ್ಟಿನಲ್ಲೂ ಹಳೆಯ ಮೀನು ಕೆಳಗೆ ಹಾಕಿ ಮೇಲೆ ತಾಜಾ ಹರಡಬಾರದು ಎಂದು ಉಂಟು. ಹರಡುವವರು ಇದ್ದಾರೆ. ಆದರೆ ಹಾಗೆ ಮಾಡಿದವಳನ್ನು ನಾವು ನಾಲ್ಕು ಜನರ ಎದುರು ಬೈಯಬಹುದು, ಅವಳು ತಲೆ ತಗ್ಗಿಸಬೇಕು. ಮಾಡಬಾರದು ಎಂದು ಒಂದು ಮಾತು ಮೊದಲೇ ಇದ್ದರೆ ಬೈಯುವುದಕ್ಕೆ ನಿಲ್ಲಲು ಜಾಗ ಸಿಗುತ್ತದೆ. ಇಲ್ಲದಿದ್ದರೆ ಬೈದವಳೇ ಜಗಳಗಂಟಿ.

ಇದನ್ನು ಡಾಕ್ಟರಿಗೆ ಹೇಳಿದೆ. ಅವರು ಚಿಮುಟ ಕೆಳಗಿಟ್ಟು, "ಹೌದು, ನಿಲ್ಲುಕೆ ಜಾಗ," ಎಂದರು. ಅಷ್ಟೇ. ಅವತ್ತು ನೋವು ಕಡಿಮೆ ಇತ್ತು, ಅಥವಾ ನನಗೆ ಹಾಗೆ ಅನಿಸಿತು.

ಗಾಯ ಒಳಗಿನಿಂದ ತುಂಬುತ್ತ ಬಂತು. ಕೊನೆಗೆ ಒಂದು ಸಂಜೆ ಬಟ್ಟೆ ಪೂರ್ತಿ ತೆಗೆದು, ಡಾಕ್ಟರು ತಮ್ಮ ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ಎತ್ತಿ ಕಾಂಬ."

ಸುಮತಿ ನನ್ನ ಬೆನ್ನ ಹಿಂದೆ ನಿಂತಿದ್ದಳು. ಹೆಬ್ಬೆರಳು ಬಿಳಿಚಿ, ಸುಕ್ಕಾಗಿ, ಯಾರದೋ ಬೆರಳಿನ ಹಾಗೆ ಕಾಣುತ್ತಿತ್ತು. ಮಡಚು ಎಂದೆ ಅದಕ್ಕೆ. ಕೇಳಲಿಲ್ಲ. ಮಡಚು, ನಿನ್ನ ಹೆಣ ಎತ್ತಲಿ, ಎಂದೆ. ನಡುಗಿತು. ಆಮೇಲೆ ನಿಧಾನವಾಗಿ, ತೆರೆ ಇಳಿಯುವಾಗ ಏಡಿ ಮರಳಿನಿಂದ ಹೊರಗೆ ಬರುವ ಹಾಗೆ, ಬಾಗಿತು. ಪೆನ್ನು ಎದ್ದಿತು! ನಾನು ಅದನ್ನು ಕೆಳಗೆ ಇಡಲೇ ಇಲ್ಲ, ಎತ್ತಿ ಹಿಡಿದುಕೊಂಡೇ ಕೂತೆ. ಸುಮತಿ ನನ್ನ ಬೆನ್ನಿಗೆ ಒಂದು ಗುದ್ದಿದಳು. ಸೊಸೆ ಅತ್ತೆಗೆ ಗುದ್ದಿದ್ದು!

"ಆ ನೀಲಿ ಚೂರ್ ನಂಗ್ ಕೊಡಿ," ಎಂದೆ ಡಾಕ್ಟರಿಗೆ. ಸಣ್ಣ ಶೀಸೆಯಲ್ಲಿ ಇಟ್ಟಿದ್ದರು, ಕೊಟ್ಟರು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮಾರ್ಕೆಟ್ಟಿಗೆ ಹೋದೆ. ಮೀನಿನ ಟೆಂಪೋ ಬಂದು ನಿಂತಿತು. ಡ್ರೈವರ್ ಶೀನ ಬಾಕ್ಸು ಇಳಿಸಿ ಎಸೆಯಲು ಶುರು ಮಾಡಿದ. ನಾನು ಒಂದೊಂದರ ಅಂಚಿಗೂ ಹಳೆಯ ಬಟ್ಟೆಯ ಚೂರು ಎಳೆದು ನೋಡಿದೆ. ಸೀಳಿದ್ದನ್ನು ಕಾಲಲ್ಲಿ ಆಚೆ ದೂಡಿದೆ.

"ಹ್ವಾಯ್ ಮುಕಾಂಬಕ್ಕ, ಇದೆಂತ ಹೊಸ ಶಾಸ್ತ್ರ?"

"ಸೀಳಿದ್ ಬಾಕ್ಸ್ ಒಳ್ಗ್ ಬಪ್ಪುಕಿಲ್ಲೆ. ವಾಪಸ್ ತಕಂಡ್ ಹೋಗ್. ನಿನ್ ಸೇಟ್ರಿಗೆ ಹೇಳ್."

"ಯಾರ್ ಮಾಡಿದ್ ಕಾನೂನ್ ಇದ್?"

ನಾನು ಸೆರಗಿನ ಗಂಟು ಬಿಚ್ಚಿ ಶೀಸೆಯನ್ನು ಅವನ ಕಣ್ಣೆದುರು ಹಿಡಿದೆ. ಬಲಗೈಯಲ್ಲಿ, ಹೆಬ್ಬೆರಳು ಮುಂದೆ ಮಾಡಿ.

"ಎಕ್ಸ್‌ರೇಗೆ ಕಾಣದ ಚೂರ್ ಇದ್. ಯುದ್ಧದಾಗೇ ಬ್ಯಾಡ ಅಂದ್ಹೇಳಿ ದೇಶ ದೇಶ ಸಯ್ ಹಾಕಿತ್ ಮಾರಾಯ. ಕೋಟೇಶ್ವರದ ಮೀನ್ ಮಾರ್ಕೆಟ್ನಾಗೆ ಎಂತಕ್ ಬೇಕ್?"

ಶೀನ ನಕ್ಕು, ನೀನಾದರೂ ತಗೋ ಎನ್ನುವ ಹಾಗೆ ಸೀಳಿದ ಒಂದನ್ನು ಎತ್ತಿ ಬಚ್ಚಿಯ ಎದುರು ಇಟ್ಟ. ಬಚ್ಚಿ ಎಲೆಯಡಿಕೆ ಉಗಿದು ಬಂದು, ಅದರ ಮೀನನ್ನು ನೆಲದ ಟಾರ್ಪಾಲಿಗೆ ಸುರಿದು, ಖಾಲಿ ಬಾಕ್ಸನ್ನು ಟೆಂಪೋದ ಒಳಗೆ ಎಸೆದಳು. ಅವಳ ಹಿಂದೆ ಉಳಿದವರೂ ಎಸೆದರು. ಅಷ್ಟು ಗದ್ದಲ ನಮ್ಮ ಮಾರ್ಕೆಟ್ಟಿನಲ್ಲಿ ನಾನು ಕೇಳಿಯೇ ಇರಲಿಲ್ಲ.

ಟಾರ್ಪಾಲಿನ ಮೇಲೆ ಬಂಗುಡೆಯ ನಡುವೆ ಒಂದು ಶಾಡೆ ಮೀಸೆ ಬಿಟ್ಟುಕೊಂಡು ಬಿದ್ದಿತ್ತು. ಅದರ ಮುಳ್ಳು ಎಕ್ಸ್‌ರೇಗೆ ಕಾಣುತ್ತದೆ, ಮರ್ಯಾದಸ್ತ ಮೀನು. ನಾನು ಹಲಗೆಯನ್ನು ಮೆಟ್ಟಿ ಕೂತು, ಅದನ್ನು ಅಲಗಿಗೆ ಒಡ್ಡಿ, ಹೆಬ್ಬೆರಳಿನಿಂದ ದೂಡಿದೆ. ತಲೆ ಒಂದೇ ಸಲಕ್ಕೆ ಹೋಯಿತು.